ಡೀಸೆಲ್ ಎಂಜಿನ್ನಿಗೆ ‘ಶಕ್ತಿವರ್ಧಕ’ ಚಿಪ್

ಬೆಂಗಳೂರಿಗೆ ಪೂರ್ವದಲ್ಲಿರುವ ವೈಟ್‌ಫೀಲ್ಡ್ ಒಂದು ಕಾಲಕ್ಕೆ ಸಣ್ಣ ಬೇಸಾಯದ ಊರಾಗಿತ್ತು. 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೆಯ ಚಾಮರಾಜೇಂದ್ರ ಒಡೆಯರು, ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿ ಕೃಷಿ ಮಾಡಿಕೊಂಡಿರಲೆಂದು ಇಲ್ಲಿ ಭೂಮಿಯನ್ನು ಕೊಟ್ಟರು. ಆ ಪ್ರಯತ್ನದ ಮುಂದಾಳಾಗಿದ್ದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಇಂದು ಅದೇ ನೆಲದ ಮೇಲೆ ತಂತ್ರಾಂಶದ ಕಚೇರಿಗಳು ಸಾಲುಗಟ್ಟಿ ನಿಂತಿವೆ. ಹಗಲು ರಾತ್ರಿಯೆನ್ನದೆ ನೌಕರರನ್ನು ಕರೆತಂದು ಬಿಡುವ ಹಳದಿ ಫಲಕದ ಟ್ಯಾಕ್ಸಿಗಳು, ಕಂಪನಿಯ ಬಸ್ಸುಗಳು, ಹೊಸಕೋಟೆಯ ಕಡೆಗೆ ಸರಕು ಹೊತ್ತು ಸಾಗುವ ಲಾರಿಗಳು ಇಲ್ಲಿನ ಬೀದಿಗಳನ್ನು ತುಂಬಿಕೊಂಡಿರುವುವು. ಇವುಗಳಲ್ಲಿ ಡೀಸೆಲ್ ಎಂಜಿನ್ನಿನವು ಇಂದಿಗೂ ಬಹಳ.

ಇಂತಹ ಬಂಡಿಗಳನ್ನುಳ್ಳವರ ಮುಂದೆ ಈಚಿನ ವರ್ಷಗಳಲ್ಲಿ ಒಂದು ಆಕರ್ಷಣೆ ಬಂದು ನಿಂತಿದೆ. ಅಂಗೈ ಅಗಲದ ಒಂದು ಪೆಟ್ಟಿಗೆ. ಅದರಿಂದ ಹೊರಟ ಒಂದೆರಡು ತಂತಿಗಳು. ಇದನ್ನು ಎಂಜಿನ್ನಿಗೆ ಸಿಕ್ಕಿಸಿದರೆ ಬಂಡಿಯ ಶಕ್ತಿ ಕಾಲುಭಾಗದಷ್ಟು ಹೆಚ್ಚುವುದೆಂದೂ, ಅಷ್ಟೇ ಡೀಸೆಲಿಗೆ ಮೊದಲಿಗಿಂತ ಹೆಚ್ಚು ದೂರ ಓಡುವುದೆಂದೂ, ಎಂಜಿನ್ನಿಗೆ ಯಾವ ಹಾನಿಯೂ ಇಲ್ಲವೆಂದೂ ಮಾರುವವರು ಹೇಳುತ್ತಾರೆ. ಇದಕ್ಕೆ ಆಡುಮಾತಿನಲ್ಲಿ ‘ಚಿಪ್’ ಎಂದೇ ಹೆಸರು. ಕೆಲವು ನೂರು ರೂಪಾಯಿಗಳಿಂದ ಹಿಡಿದು ಹಲವು ಹತ್ತು ಸಾವಿರ ರೂಪಾಯಿಗಳವರೆಗೆ ಬೆಲೆಯುಳ್ಳ ಚಿಪ್‌ಗಳು ದೊರೆಯುತ್ತವೆ. ಕಾಲೇಜಿನ ತರುಣರು ವೇಗದ ಆಸೆಯಿಂದಲೂ, ಟ್ಯಾಕ್ಸಿಯವರು ಡೀಸೆಲ್ ಉಳಿಯಲೆಂಬ ಆಸೆಯಿಂದಲೂ ಇದನ್ನು ಕೊಳ್ಳುವುದುಂಟು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ಸಣ್ಣ ಪೆಟ್ಟಿಗೆಯಿಂದ ಇಷ್ಟು ದೊಡ್ಡ ಲಾಭ ಬರುವುದಾದರೆ, ಎಂಜಿನ್ನನ್ನು ತಯಾರಿಸಿದವನೇ ಅದನ್ನು ಏಕೆ ಒಳಗಿಟ್ಟು ಮಾರಲಿಲ್ಲ? ಶಕ್ತಿಯನ್ನು ಅವನು ಬೇಕೆಂದೇ ಬಚ್ಚಿಟ್ಟುಕೊಂಡನೆ? ಉತ್ತರ ತಿಳಿಯಬೇಕಾದರೆ ಡೀಸೆಲ್ ಎಂಜಿನ್ನು ನಡೆಯುವ ಬಗೆಯನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನಗಳ ಮಿಶ್ರಣಕ್ಕೆ ವಿದ್ಯುತ್ತಿನ ಕಿಡಿ ಬೆಂಕಿಯಿಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಹಿಡಿದ ದಾರಿ ಬೇರೆ. ಸಿಲಿಂಡರಿನೊಳಕ್ಕೆ ಗಾಳಿಯನ್ನು ಮಾತ್ರ ಎಳೆದುಕೊಂಡು, ಪಿಸ್ಟನ್ನಿನಿಂದ ಅದನ್ನು ಹದಿನಾರು ಹದಿನೇಳರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದರೆ, ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಆ ಗಾಳಿಯೂ ಕಾಯುತ್ತದೆ. ಅದರ ಉಷ್ಣತೆ ಐದಾರು ನೂರು ಡಿಗ್ರಿ ಸೆಲ್ಸಿಯಸನ್ನು ಮೀರುವುದು. ಆ ಕ್ಷಣದಲ್ಲಿ ಎಣ್ಣೆಯನ್ನು ಸಣ್ಣ ತುಂತುರಾಗಿ ಒಳಕ್ಕೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷಿಸಲ್ಪಟ್ಟ ಅವನ ಎಂಜಿನ್ನು ಇಂಧನದ ಶಕ್ತಿಯಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಉಗಿ ಎಂಜಿನ್ನುಗಳಿಗೆ ಅದು ಕನಸಿನ ಮಾತಾಗಿತ್ತು.

ಡೀಸೆಲ್ ಎಂಜಿನ್ನಿನ ಮತ್ತೊಂದು ವಿಶೇಷವೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಒಳಹೋಗುವ ಗಾಳಿ ಹೆಚ್ಚುತ್ತದೆ, ಇಂಧನ ಅದನ್ನು ಹಿಂಬಾಲಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಮೊದಲು ಹೆಚ್ಚುವುದು ಎಣ್ಣೆ. ಎಣ್ಣೆಯನ್ನು ಹೆಚ್ಚಿಸಿದಂತೆಲ್ಲ ಬಲವೂ ಹೆಚ್ಚುತ್ತ ಹೋಗುತ್ತದೆ. ಆದರೆ ಇದಕ್ಕೊಂದು ಮೇರೆಯಿದೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಲೆಕ್ಕಕ್ಕೆ ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಸಾಕು. ವಾಸ್ತವದಲ್ಲಿ ಇಷ್ಟು ಸಾಲದು. ಸೆಕೆಂಡಿನ ಸಾವಿರದ ಕೆಲವು ಅಂಶಗಳಲ್ಲಿ ಎಣ್ಣೆಯ ಪ್ರತಿಯೊಂದು ಹನಿಯೂ ತನ್ನ ಪಾಲಿನ ಆಮ್ಲಜನಕವನ್ನು ಹುಡುಕಿಕೊಳ್ಳಬೇಕಲ್ಲವೆ? ಅದರಿಂದ ಪೂರ್ಣ ಬಲದಲ್ಲಿ ನಡೆಯುವಾಗಲೂ ಒಂದಷ್ಟು ಗಾಳಿ ಹೆಚ್ಚಾಗಿಯೇ ಇರಬೇಕು. ಆ ಹೆಚ್ಚುವರಿ ಕಡಮೆಯಾದರೆ ಕೆಲವು ಹನಿಗಳು ಅರೆಬೆಂದು ಇಂಗಾಲದ ಮಸಿಯಾಗುತ್ತವೆ. ದಿಬ್ಬ ಹತ್ತುವ ಹಳೆಯ ಲಾರಿಯ ಹಿಂದೆ ಕಾಣುವ ಕರಿಹೊಗೆಯ ಅರ್ಥ ಇದೇ: ಎಣ್ಣೆ ಹೆಚ್ಚಾಯಿತು, ಗಾಳಿ ಸಾಲದಾಯಿತು.

ಈ ಮೇರೆಯನ್ನು ದಾಟಬೇಕೆಂಬ ಆಸೆ ಚಿಪ್‌ನಿಂದ ಹುಟ್ಟಿದ್ದಲ್ಲ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಬೆಂಗಳೂರಿಗರು ‘ಮೈಕೋ’ ಎಂದೇ ಬಲ್ಲರು. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಡೀಸೆಲ್ ಎಂಜಿನ್ನಿಗೆ ಎಣ್ಣೆಯನ್ನು ಅಳೆದು ಚಿಮ್ಮಿಸುವ ಪಂಪುಗಳಿಂದ ಹೆಸರಾದದ್ದು ಅದರ ಆಡುಗೋಡಿಯ ಕಾರ್ಖಾನೆ. ಈ ಪಂಪುಗಳಲ್ಲಿ ಎಣ್ಣೆಯ ಗರಿಷ್ಠ ಪ್ರಮಾಣವನ್ನು ನಿಲ್ಲಿಸುವ ಒಂದು ತಿರುಪು ಇರುತ್ತಿತ್ತು. ಅದನ್ನು ಯಾರೂ ತಿರುವಬಾರದೆಂದು ಸೀಸದ ಮುದ್ರೆ ಹಾಕಿರುತ್ತಿದ್ದರು. ಮುದ್ರೆಯನ್ನು ಕಿತ್ತು ತಿರುಪನ್ನು ಒಂದು ಸುತ್ತು ತಿರುವಿಕೊಡುವ ಮೆಕ್ಯಾನಿಕ್ಕುಗಳಿಗೆ ಬರವಿರಲಿಲ್ಲ. ಲಾರಿ ಘಾಟಿಯನ್ನು ಚುರುಕಾಗಿ ಹತ್ತುತ್ತಿತ್ತು. ಹೊಗೆಯನ್ನು ಹಿಂದೆ ಬರುವವರು ಕುಡಿಯುತ್ತಿದ್ದರು. ಇಂದಿನ ಚಿಪ್ ಆ ತಿರುಪಿನ ಮೊಮ್ಮಗನೆಂದೇ ನಮ್ಮ ಅಭಿಪ್ರಾಯ. ತಿರುಪನ್ನು ತಿರುವಿದವನಿಗೆ ತಾನೇನು ಮಾಡುತ್ತಿದ್ದೇನೆಂಬುದಾದರೂ ತಿಳಿದಿತ್ತು.

ಈಗಿನ ಎಂಜಿನ್ನಿನಲ್ಲಿ ಆ ತಿರುಪು ಇಲ್ಲ. ಅದರ ಬದಲು ‘ಕಾಮನ್ ರೈಲ್’ ಎಂಬ ವ್ಯವಸ್ಥೆ ಬಂದಿದೆ. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ ಕಾರಿನೊಡನೆ ಜನಸಾಮಾನ್ಯರ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ, ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಒಂದು ದಪ್ಪ ಉಕ್ಕಿನ ಕೊಳವೆಯಿರುತ್ತದೆ. ಪಂಪು ಇದರಲ್ಲಿ ಎಣ್ಣೆಯನ್ನು ಬಹಳ ಹೆಚ್ಚಿನ ಒತ್ತಡದಲ್ಲಿ ತುಂಬಿಡುತ್ತದೆ. ಎಷ್ಟು ಒತ್ತಡ? ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ಸರಿಸುಮಾರು ಒಂದು ಬಾರ್. ಕೊಳವೆಯೊಳಗಿನದು 1600 ಬಾರ್, ಹೊಸ ಎಂಜಿನ್ನುಗಳಲ್ಲಿ 2000 ಬಾರ್ ಮತ್ತು ಅದಕ್ಕೂ ಮೇಲೆ. ಪ್ರತಿಯೊಂದು ಸಿಲಿಂಡರಿನ ನೆತ್ತಿಯ ಮೇಲೂ ಇಂಜೆಕ್ಟರ್ ಎಂಬ ಚಿಮ್ಮುಗೊಳವೆಯಿದ್ದು, ಅದರ ತುದಿಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಅಂಶದಷ್ಟು ಅಗಲದ ರಂಧ್ರಗಳಿರುತ್ತವೆ. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವಣ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿನ ದಪ್ಪ ಇದರ ಇಪ್ಪತ್ತು ಮೂವತ್ತರಷ್ಟಾಗುವುದು.

ಸೂಜಿ ಯಾವಾಗ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಆಜ್ಞಾಪಿಸುವುದು ಎಂಜಿನ್ನಿನ ಗಣಕ. ಈ ಗಣಕಕ್ಕೆ ಕಣ್ಣು ಕಿವಿಗಳಿಲ್ಲ. ಸಂವೇದಕಗಳೆಂಬ ಸಣ್ಣ ಉಪಕರಣಗಳು ಕಳಿಸುವ ವಿದ್ಯುತ್ ಸಂಕೇತಗಳೇ ಅದರ ಇಂದ್ರಿಯಗಳು. ಕೊಳವೆಯ ಒತ್ತಡ, ಒಳಬರುವ ಗಾಳಿಯ ತೂಕ, ನೀರಿನ ಬಿಸಿ, ಹೊರಗಿನ ವಾಯುಮಂಡಲದ ಒತ್ತಡ, ಇಷ್ಟನ್ನೂ ಅದು ಸೆಕೆಂಡಿಗೆ ಹಲವಾರು ಬಾರಿ ಓದಿಕೊಂಡು, ತನ್ನ ನೆನಪಿನಲ್ಲಿರುವ ಕೋಷ್ಟಕಗಳನ್ನು ನೋಡಿ ತೀರ್ಮಾನಿಸುತ್ತದೆ. ಆ ಕೋಷ್ಟಕಗಳನ್ನು ತುಂಬುವುದು ಸುಲಭದ ಕೆಲಸವಲ್ಲ. ಎಂಜಿನಿಯರುಗಳು ಎಂಜಿನ್ನನ್ನು ಪರೀಕ್ಷಾಪೀಠದ ಮೇಲೆ ತಿಂಗಳುಗಟ್ಟಲೆ ಓಡಿಸಿ, ಮರುಭೂಮಿಯ ಸೆಕೆಯಲ್ಲಿಯೂ ಪರ್ವತದ ಚಳಿಯಲ್ಲಿಯೂ ಬಂಡಿಯನ್ನು ನಡೆಸಿ, ಒಂದೊಂದು ಅಂಕಿಯನ್ನೂ ನಿರ್ಧರಿಸುತ್ತಾರೆ. ವೈಟ್‌ಫೀಲ್ಡಿನಲ್ಲಿಯೇ ಮರ್ಸಿಡಿಸ್-ಬೆನ್ಜ್ ಕಂಪನಿಯ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವಿದೆ. ಬಂಡಿಗಳ ವಿನ್ಯಾಸ ಮತ್ತು ತಂತ್ರಾಂಶಗಳ ಮೇಲೆ ಅಲ್ಲಿ ಸಾವಿರಾರು ಜನ ದುಡಿಯುತ್ತಾರೆ. ಒಂದೇ ರಸ್ತೆಯ ಒಂದು ಕಡೆ ವರ್ಷಗಟ್ಟಲೆ ನಡೆಯುವ ಕೆಲಸವನ್ನು ಇನ್ನೊಂದು ಕಡೆ ಅರ್ಧ ಗಂಟೆಯಲ್ಲಿ ‘ತಿದ್ದಿ’ ಕೊಡುತ್ತೇವೆನ್ನುವುದು ವಿಚಿತ್ರವಾಗಿಯೇ ಇದೆ!

ಪೆಟ್ಟಿಗೆಯ ಗುಟ್ಟು ಈಗ ಸುಲಭವಾಗಿ ತಿಳಿಯುವುದು. ಅದು ಮಾಡುವ ಕೆಲಸವೆಂದರೆ ಸಂವೇದಕಕ್ಕೂ ಗಣಕಕ್ಕೂ ನಡುವೆ ಕುಳಿತು ಸುಳ್ಳು ಹೇಳುವುದು. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಒಂದು ಒತ್ತಡ ಸಂವೇದಕವು ಸೊನ್ನೆ ಬಾರ್‌ಗೆ ಅರ್ಧ ವೋಲ್ಟನ್ನೂ 1800 ಬಾರ್‌ಗೆ ನಾಲ್ಕೂವರೆ ವೋಲ್ಟನ್ನೂ ತೋರಿಸುವುದೆಂದೂ, ನಡುವೆ ಸಮಪ್ರಮಾಣದಲ್ಲಿ ಏರುವುದೆಂದೂ ಇಟ್ಟುಕೊಳ್ಳೋಣ. ಗಣಕಕ್ಕೆ 1350 ಬಾರ್ ಬೇಕಾಗಿದೆ. ಅಂದರೆ ಅದು ಮೂರೂವರೆ ವೋಲ್ಟನ್ನು ನಿರೀಕ್ಷಿಸುತ್ತದೆ. ಕೊಳವೆಯಲ್ಲಿ 1350 ಬಾರ್ ಬಂದಾಗ ಪೆಟ್ಟಿಗೆಯು ವೋಲ್ಟೇಜನ್ನು ತಗ್ಗಿಸಿ ಕಳಿಸುತ್ತದೆ. ಒತ್ತಡ ಸಾಲದೆಂದು ತಿಳಿದ ಗಣಕವು ಪಂಪಿಗೆ ಇನ್ನಷ್ಟು ಒತ್ತೆಂದು ಹೇಳುತ್ತದೆ. ಕೊನೆಗೆ ಸಂವೇದಕವು ನಾಲ್ಕು ವೋಲ್ಟು ತೋರಿಸುವ ಹೊತ್ತಿಗೆ ಪೆಟ್ಟಿಗೆ ಅದನ್ನು ಮೂರೂವರೆಯಾಗಿಸಿ ಒಪ್ಪಿಸುತ್ತದೆ, ಗಣಕ ತೃಪ್ತಿಪಡುತ್ತದೆ. ಆದರೆ ನಾಲ್ಕು ವೋಲ್ಟು ಎಂದರೆ 1575 ಬಾರ್!

ರಂಧ್ರದ ಮೂಲಕ ಹರಿಯುವ ದ್ರವದ ಪ್ರಮಾಣವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆಂದು ಭೌತಶಾಸ್ತ್ರ ಓದಿದವರು ಬಲ್ಲರು. 1575ನ್ನು 1350ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.08 ಬರುತ್ತದೆ. ಸೂಜಿ ತೆರೆದಿರುವ ಕಾಲವನ್ನು ಗಣಕವು 1350 ಬಾರ್‌ಗೆ ತಕ್ಕಂತೆಯೇ ಲೆಕ್ಕ ಹಾಕಿರುವುದರಿಂದ, ಪ್ರತಿ ಸಲವೂ ಶೇಕಡ 8ರಷ್ಟು ಎಣ್ಣೆ ಹೆಚ್ಚಾಗಿ ಒಳಕ್ಕೆ ಬೀಳುತ್ತದೆ. ಬಲ ಹೆಚ್ಚಿತೆಂದು ಚಾಲಕನಿಗೆ ಅನ್ನಿಸುವುದು ಭ್ರಮೆಯಲ್ಲ, ಅದು ನಿಜವೇ. ಆದರೆ ಬಲ ಬಂದುದು ಚಿಪ್‌ನಿಂದಲ್ಲ, ಎಣ್ಣೆಯಿಂದ. ಮತ್ತು ಎಣ್ಣೆ ಹೆಚ್ಚಿರುವುದು ಗಣಕಕ್ಕೆ ತಿಳಿಯದ ಕಾರಣ, ಅದಕ್ಕೆ ತಕ್ಕಷ್ಟು ಗಾಳಿಯನ್ನು ಅದು ಒದಗಿಸುವುದಿಲ್ಲ. ಮೊದಲು ಒಂದು ಪಾಲು ಎಣ್ಣೆಗೆ ಹತ್ತೊಂಬತ್ತು ಪಾಲು ಗಾಳಿ ಇದ್ದಿತೆಂದರೆ ಈಗ ಹದಿನೇಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಮಸಿಯ ಮೇರೆ ಅಲ್ಲಿಂದ ದೂರವಿಲ್ಲ.

ಇದಕ್ಕಿಂತಲೂ ಕೆಟ್ಟ ಪರಿಣಾಮ ಇನ್ನೊಂದಿದೆ. ಒತ್ತಡ ಮಿತಿಮೀರಿದಾಗ ಎಂಜಿನ್ನಿನ ಬಲವನ್ನು ಇಳಿಸಿ ಎಚ್ಚರಿಕೆಯ ದೀಪ ಹೊತ್ತಿಸುವುದು ಗಣಕದ ಕರ್ತವ್ಯ. ಕಾವಲುಗಾರನ ಕಣ್ಣಿಗೇ ಬಟ್ಟೆ ಕಟ್ಟಿದ ಮೇಲೆ ಅವನು ಕಾಯುವುದೇನನ್ನು? 1600 ಬಾರ್‌ಗೆಂದು ಮಾಡಿದ ವ್ಯವಸ್ಥೆಯಲ್ಲಿ ಗಣಕವು 1500 ಬಾರ್ ಕೇಳಿದಾಗ, ಅದೇ ಪ್ರಮಾಣದ ಸುಳ್ಳಿನಿಂದ ಕೊಳವೆಯಲ್ಲಿ 1750 ಬಾರ್ ನಿಂತಿರುತ್ತದೆ. ಪಂಪು, ಇಂಜೆಕ್ಟರುಗಳು, ಒತ್ತಡದ ಮುದ್ರಿಕೆಗಳು ಎಲ್ಲವೂ ತಮ್ಮ ಅಳತೆಯನ್ನು ಮೀರಿ ದುಡಿಯುತ್ತಿರುವುವು. ದೀಪ ಮಾತ್ರ ಹೊತ್ತುವುದಿಲ್ಲ.

ಡೀಸೆಲ್ ಉಳಿಯುವುದೆಂಬ ಮಾತಿನ ರಹಸ್ಯವೂ ಇಲ್ಲಿಯೇ ಅಡಗಿದೆ. ಲೀಟರಿಗೆ ಇಷ್ಟು ಕಿಲೋಮೀಟರೆಂದು ಚಾಲಕನ ಮುಂದಿನ ಫಲಕದಲ್ಲಿ ಕಾಣುವ ಅಂಕಿಯನ್ನು ಗಣಕವು ತೊಟ್ಟಿಯಲ್ಲಿನ ಎಣ್ಣೆಯನ್ನು ಅಳೆದು ಹೇಳುವುದಿಲ್ಲ. ತಾನು ಚಿಮ್ಮಿಸಿದೆನೆಂದು ನಂಬಿರುವ ಎಣ್ಣೆಯನ್ನು ಕೂಡಿಸಿ ಹೇಳುತ್ತದೆ. ನಿಜವಾಗಿ ನೂರೆಂಟು ಪಾಲು ಹೋದಾಗ ಅದರ ಲೆಕ್ಕದಲ್ಲಿ ನೂರೇ ಇರುತ್ತದೆ. ಅದರಿಂದ ಪೆಟ್ಟಿಗೆ ಕೂಡಿಸಿದ ದಿನವೇ ಫಲಕದ ಅಂಕಿ ಮೇಲೇರುವುದು, ಕೊಂಡವನು ಸಂತೋಷಪಡುವನು! ತೊಟ್ಟಿಯನ್ನು ಕುತ್ತಿಗೆಯವರೆಗೆ ತುಂಬಿಸಿ, ಐದಾರು ನೂರು ಕಿಲೋಮೀಟರು ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಿ ಭಾಗಿಸುವ ಹಳೆಯ ವಿಧಾನವೊಂದೇ ಇಲ್ಲಿ ನಂಬತಕ್ಕದ್ದು.

ಎಲ್ಲ ಚಿಪ್‌ಗಳೂ ಒಂದೇ ಬಗೆಯವಲ್ಲ. ಪೆಟ್ಟಿಗೆಯಿಲ್ಲದೆ, ಗಣಕದ ನೆನಪಿನಲ್ಲಿರುವ ಕೋಷ್ಟಕಗಳನ್ನೇ ಅಳಿಸಿ ಬೇರೆ ಬರೆಯುವ ಪದ್ಧತಿ ಒಂದುಂಟು. ಇದಕ್ಕೆ ‘ರೀಮ್ಯಾಪ್’ ಎನ್ನುತ್ತಾರೆ. ಇದರಲ್ಲಿ ಗಣಕಕ್ಕೆ ಸುಳ್ಳು ಹೇಳುವುದಿಲ್ಲ, ಅದರ ಬುದ್ಧಿಯನ್ನೇ ಬದಲಿಸಲಾಗುತ್ತದೆ. ತಿಳಿದವರು ಅಳತೆಯ ಉಪಕರಣಗಳನ್ನಿಟ್ಟುಕೊಂಡು ಮಾಡಿದರೆ ಇದು ಪೆಟ್ಟಿಗೆಗಿಂತ ಮೇಲು, ಏಕೆಂದರೆ ಎಣ್ಣೆಯೊಡನೆ ಗಾಳಿಯನ್ನೂ ಹೊಂದಿಸಬಹುದು. ಆದರೆ ಯಾವುದೋ ದೇಶದಲ್ಲಿ ಯಾರೋ ಬರೆದ ಕೋಷ್ಟಕವನ್ನು ತಂದು ಇಲ್ಲಿನ ಬಂಡಿಗೆ ಸುರಿಯುವುದೇ ಬಹಳ ಕಡೆ ನಡೆಯುವ ವಾಡಿಕೆ. ಇನ್ನು ಕೆಲವು ನೂರು ರೂಪಾಯಿಗಳಿಗೆ ಸಿಕ್ಕುವ, ಸ್ಟೀರಿಂಗಿನ ಕೆಳಗಿನ ಪರೀಕ್ಷಾ ಕಿಂಡಿಗೆ ಚುಚ್ಚುವ ಗುಂಡಿಗಳ ವಿಷಯ: ಇಂತಹವನ್ನು ಬಿಚ್ಚಿ ನೋಡಿದವರಿಗೆ ಸಿಕ್ಕಿರುವುದು ಬಣ್ಣದ ದೀಪಗಳನ್ನು ಮಿನುಗಿಸುವ ಸರ್ಕೀಟು ಮಾತ್ರ. ಕಾಸಿಗೆ ತಕ್ಕ ಕಜ್ಜಾಯ; ಇವುಗಳಿಂದ ಲಾಭವಿಲ್ಲದಿದ್ದರೂ ಎಂಜಿನ್ನಿಗೆ ಹಾನಿಯೂ ಕಡಮೆ.

ಹೆಚ್ಚಿದ ಎಣ್ಣೆ ಉರಿದಾಗ ಎಂಜಿನ್ನಿನ ಅಂಗಾಂಗಗಳ ಮೇಲೆ ಏನಾಗುವುದೆಂಬುದನ್ನು ಈಗ ವಿಚಾರಿಸೋಣ. 2020ರವರೆಗೆ ನಮ್ಮ ದೇಶದಲ್ಲಿ ಮಾರುತಿ ಸ್ವಿಫ್ಟ್, ಡಿಜೈರ್ ಮೊದಲಾದ ಕಾರುಗಳಿಗೆ ಹಾಕುತ್ತಿದ್ದ 1248 ಘನ ಸೆಂಟಿಮೀಟರಿನ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಇದು ಇಟಲಿಯ ಫಿಯಟ್ ಕಂಪನಿಯ ವಿನ್ಯಾಸ. ವೈಟ್‌ಫೀಲ್ಡಿನ ಟ್ಯಾಕ್ಸಿಗಳಲ್ಲಿ ಧಾರಾಳವಾಗಿ ಕಾಣಸಿಗುವಂಥದು. ಇದರ ಸಿಲಿಂಡರಿನ ಒಳವ್ಯಾಸ 69.6 ಮಿಲಿಮೀಟರು; ಒಂದು ಸಣ್ಣ ಲೋಟದ ಬಾಯಿಯಷ್ಟು. ದಹನದ ಸಮಯದಲ್ಲಿ ಒಳಗಿನ ಒತ್ತಡ 160 ಬಾರ್‌ಗೆ ಏರಿತೆಂದರೆ, ಆ ಲೋಟದ ಬಾಯಿಯಷ್ಟಗಲದ ಪಿಸ್ಟನ್ನಿನ ಮೇಲೆ ಬೀಳುವ ಭಾರ ಆರು ಟನ್ನಿಗೂ ಮಿಕ್ಕುತ್ತದೆ. ಮೈಸೂರು ದಸರೆಯಲ್ಲಿ ಅಂಬಾರಿ ಹೊರುವ ಆನೆಯ ತೂಕ ಐದು ಟನ್ನಿನ ಆಸುಪಾಸು. ಅಂತಹ ಆನೆಗಿಂತ ಹೆಚ್ಚಿನ ಭಾರವೊಂದು ಪಿಸ್ಟನ್ನಿನ ಮೇಲೆ ಎರಡು ಸಾವಿರ ಸುತ್ತಿನ ವೇಗದಲ್ಲಿ ನಿಮಿಷಕ್ಕೆ ಸಾವಿರ ಸಲ ಬಂದು ಬೀಳುತ್ತದೆ. ಗಂಟೆಗೆ ಅರವತ್ತು ಸಾವಿರ ಸಲ.

ಲೋಹವು ಒಂದು ಪೆಟ್ಟಿಗೆ ಮುರಿಯದಿದ್ದರೂ ಅದೇ ಪೆಟ್ಟು ಕೋಟಿ ಸಲ ಬಿದ್ದಾಗ ಬಿರುಕು ಬಿಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಯ ಅಚ್ಚುಗಳು ಮುರಿಯುವುದನ್ನು ಪರೀಕ್ಷಿಸಿದ ಜರ್ಮನಿಯ ಆಗಸ್ಟ್ ವೊಲರ್ ಇದನ್ನು ಕ್ರಮವಾಗಿ ಅಳೆದು ತೋರಿಸಿದನು. ಇದಕ್ಕೆ ಲೋಹದ ದಣಿವು ಎಂದು ಹೆಸರು. ದಣಿವಿನ ಸ್ವಭಾವದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪೆಟ್ಟನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಆಯುಸ್ಸು ಹತ್ತರಲ್ಲೊಂದು ಪಾಲು ಮಾತ್ರ ತಗ್ಗುವುದೆಂದು ಎಣಿಸಬಾರದು. ಎಷ್ಟೋ ಸಂದರ್ಭಗಳಲ್ಲಿ ಅದು ಅರ್ಧಕ್ಕೇ ಇಳಿಯಬಹುದು. ಚಿಪ್ ಹಾಕಿದ ಎಂಜಿನ್ನು ಮರುದಿನವೇ ಮುರಿಯದಿರುವುದಕ್ಕೂ, ‘ನನಗೇನೂ ಆಗಲಿಲ್ಲ’ ಎಂದು ಹೇಳುವವರು ಬಹಳ ಮಂದಿ ಸಿಕ್ಕುವುದಕ್ಕೂ ಇದೇ ಕಾರಣ. ಮೂರು ಲಕ್ಷ ಕಿಲೋಮೀಟರು ಓಡಬೇಕಾದುದು ಒಂದೂವರೆ ಲಕ್ಷಕ್ಕೆ ನಿಂತರೆ, ಆ ಹೊತ್ತಿಗೆ ಚಿಪ್‌ನ ನೆನಪೇ ಯಾರಿಗೂ ಇರುವುದಿಲ್ಲ.

ಬಿಸಿಯ ಕಥೆ ಇದಕ್ಕಿಂತ ಬೇಗ ಮುಗಿಯುವಂಥದು. ಜ್ವಾಲೆಯ ಉಷ್ಣತೆ ಎರಡು ಸಾವಿರ ಡಿಗ್ರಿಯನ್ನು ಮೀರುತ್ತದೆ. ಕಾರಿನ ಪಿಸ್ಟನ್ನುಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದವು. ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿ ಕರಗುತ್ತದೆ, ಅದರ ಬಲ ಅದಕ್ಕೂ ಬಹಳ ಮುಂಚೆಯೇ ಕುಂದತೊಡಗುತ್ತದೆ. ಆದರೂ ಪಿಸ್ಟನ್ನು ಉಳಿಯುವುದು, ಕೆಳಗಿನಿಂದ ಎಂಜಿನ್ ಆಯಿಲ್ ಅದಕ್ಕೆ ಚಿಮ್ಮಿ ತಂಪು ಮಾಡುವುದರಿಂದ ಮತ್ತು ಉರಿಯುವ ಎಣ್ಣೆಯ ಪ್ರಮಾಣಕ್ಕೆ ಒಂದು ಮಿತಿ ಇರುವುದರಿಂದ. ಮಿತಿ ದಾಟಿದ ಬಂಡಿಯನ್ನು ಉದ್ದನೆಯ ದಿಬ್ಬದಲ್ಲಿ ಪೂರ್ಣ ಬಲದಿಂದ ಓಡಿಸಿದರೆ ಪಿಸ್ಟನ್ನಿನ ತಲೆಯ ಬಟ್ಟಲಿನ ಅಂಚು ಬಿರಿಯುವುದೂ ಕರಗುವುದೂ ಉಂಟು.

ಉಳಿದ ಬಿಸಿ ಟರ್ಬೊಚಾರ್ಜರಿಗೆ ಹೋಗುತ್ತದೆ. ಹೊರಹೋಗುವ ಹೊಗೆಯ ರಭಸದಿಂದ ತಿರುಗುತ್ತ, ಒಳಬರುವ ಗಾಳಿಯನ್ನು ಒತ್ತಿ ಕೊಡುವ ಈ ಪುಟ್ಟ ಚಕ್ರದ ವೇಗ ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ, ಸಣ್ಣ ಕಾರುಗಳಲ್ಲಿ ಎರಡು ಲಕ್ಷದ ಹತ್ತಿರಕ್ಕೂ ಹೋಗುತ್ತದೆ. ಬೆಂಗಳೂರಿನವರು ಇಲ್ಲಿ ತಮ್ಮ ಊರಿನ ಎತ್ತರವನ್ನು ನೆನೆಯಬೇಕು. ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರು ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ವಾಯುಮಂಡಲದ ಒತ್ತಡ ಹತ್ತನೆಯ ಒಂದು ಪಾಲಿನಷ್ಟು ಕಡಮೆ, ಸರಿಸುಮಾರು 0.91 ಬಾರ್. ಎಂಜಿನ್ನಿಗೆ 2.2 ಬಾರ್‌ನ ಗಾಳಿ ಬೇಕಾದರೆ ಮಂಗಳೂರಿನಲ್ಲಿ ಟರ್ಬೊ ಅದನ್ನು ಸ್ವಲ್ಪ ಹೆಚ್ಚುಕಡಮೆ 2.2ರಷ್ಟು ಒತ್ತಿದರೆ ಸಾಕು; ವೈಟ್‌ಫೀಲ್ಡಿನಲ್ಲಿ 2.4ರಷ್ಟು ಒತ್ತಬೇಕು. ಅಂದರೆ ನಮ್ಮೂರಿನ ಟರ್ಬೊ ಮೊದಲೇ ಹೆಚ್ಚು ವೇಗವಾಗಿ ತಿರುಗುತ್ತಿದೆ. ಸಮುದ್ರತೀರದ ಯಾವುದೋ ನಗರಕ್ಕೆಂದು ಬರೆದ ಕೋಷ್ಟಕ ಅದನ್ನು ಇನ್ನೂ ಓಡು ಎಂದರೆ ಬೇರಿಂಗುಗಳೂ ರೆಕ್ಕೆಗಳೂ ಎಷ್ಟು ದಿನ ತಾಳಿಯಾವು? ಕಾರ್ಖಾನೆಯ ಗಣಕವಾದರೋ ಹೊರಗಿನ ಒತ್ತಡವನ್ನು ಓದಿಕೊಂಡು ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲಿ ಚಿಪ್‌ನ ಪರವಾಗಿ ಒಂದು ವಾದವನ್ನು ಹೂಡುವುದುಂಟು. ಕಂಪನಿಯವರೇ ಒಂದೇ ಎಂಜಿನ್ನನ್ನು ಎರಡು ಶಕ್ತಿಗಳಲ್ಲಿ ಮಾರುತ್ತಾರಲ್ಲ, ಕಡಮೆಯದನ್ನು ಹೆಚ್ಚಿನದಕ್ಕೆ ಏರಿಸಿಕೊಂಡರೆ ತಪ್ಪೇನು? ವಾದ ಒಳ್ಳೆಯದೇ. ಮೇಲೆ ಹೇಳಿದ ಫಿಯಟ್ ಎಂಜಿನ್ನು ಸ್ವಿಫ್ಟ್‌ನಲ್ಲಿ 75 ಅಶ್ವಶಕ್ತಿಯದಾಗಿಯೂ ಎರ್ಟಿಗಾದಲ್ಲಿ 90 ಅಶ್ವಶಕ್ತಿಯದಾಗಿಯೂ ಇತ್ತು. ಆದರೆ ಈ ಹದಿನೈದು ಅಶ್ವಶಕ್ತಿ ಬರಿಯ ಕೋಷ್ಟಕದಿಂದ ಬಂದುದಲ್ಲ. 75ರದಕ್ಕೆ ಸ್ಥಿರವಾದ ಟರ್ಬೊ. 90ರದಕ್ಕೆ ವೇಗಕ್ಕೆ ತಕ್ಕಂತೆ ಹಲಗೆಗಳ ಕೋನ ಬದಲಾಗುವ, ಹೆಚ್ಚು ಬೆಲೆಯ ಬೇರೊಂದು ಟರ್ಬೊ. ಕಂಪನಿ ಹೆಚ್ಚು ಎಣ್ಣೆ ಕೊಡುವ ಮುನ್ನ ಹೆಚ್ಚು ಗಾಳಿಯನ್ನು ಒದಗಿಸಿತು. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಅಶ್ವಶಕ್ತಿ ಐದನೆಯ ಒಂದು ಪಾಲು ಏರಿದರೂ ತಿರುಚು ಬಲ ಏರಿದುದು 190ರಿಂದ 200 ನ್ಯೂಟನ್-ಮೀಟರಿಗೆ ಮಾತ್ರ. ಕ್ರ್ಯಾಂಕು, ಕ್ಲಚ್ಚು, ಗೇರುಪೆಟ್ಟಿಗೆಗಳು ಹೊರಬೇಕಾದುದು ಈ ತಿರುಚು ಬಲವನ್ನು. ಅದನ್ನು ಏರಿಸುವುದರಲ್ಲಿ ತಯಾರಕರು ಎಷ್ಟು ಜಿಪುಣರಾಗಿದ್ದರೆಂಬುದು ಇದರಿಂದ ಕಾಣುತ್ತದೆ. ಚಿಪ್ ಮಾರುವವರ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿರುವ ಅಂಕಿ ಇದೇ ತಿರುಚು ಬಲದ್ದು! ಚಿಪ್ ಹಾಕಿದ ಬಂಡಿಗಳಲ್ಲಿ ಮೊದಲು ಸೋಲುವುದು ಅನೇಕ ವೇಳೆ ಕ್ಲಚ್ಚೇ. ತಯಾರಕನು ಬಚ್ಚಿಟ್ಟ ಶಕ್ತಿಯೆಂದು ತೋರುವುದು ವಾಸ್ತವವಾಗಿ ಕೆಟ್ಟ ಡೀಸೆಲು, ಧೂಳು ಕಟ್ಟಿದ ಗಾಳಿಶೋಧಕ, ಏಪ್ರಿಲ್ ತಿಂಗಳ ಸೆಕೆ, ತಡವಾಗಿ ಬದಲಿಸಿದ ಆಯಿಲ್ ಇವುಗಳಿಗೆಲ್ಲ ಅವನು ತೆಗೆದಿಟ್ಟ ಆಪದ್ಧನ.

ಹೊಸ ಬಂಡಿಗಳಲ್ಲಿ ಇನ್ನೊಂದು ತೊಡಕಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಿಂದಾಗಿ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿಯೊಂದಿರುತ್ತದೆ. ಜರಡಿ ತುಂಬಿದಾಗ ಗಣಕವು ಸ್ವಲ್ಪ ಎಣ್ಣೆಯನ್ನು ತಡವಾಗಿ ಚಿಮ್ಮಿಸಿ, ಹೊಗೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಇದಕ್ಕೆ ಬಂಡಿ ಹತ್ತು ಹದಿನೈದು ನಿಮಿಷ ಬಿಡುವಿಲ್ಲದೆ ಓಡಬೇಕು. ಕೆ.ಆರ್. ಪುರದ ಟಿನ್ ಫ್ಯಾಕ್ಟರಿಯಿಂದ ಮಾರತಹಳ್ಳಿಗೆ, ಅಲ್ಲಿಂದ ವರ್ತೂರು ಕೋಡಿಗೆ ಸಂಜೆಯ ಹೊತ್ತು ಹೋದವರಿಗೆ ಹದಿನೈದು ನಿಮಿಷದ ಬಿಡುವಿಲ್ಲದ ಓಟವೆಂದರೇನೆಂದು ಕೇಳಿದರೆ ನಗು ಬಂದೀತು. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ತಡವಾಗಿ ಚಿಮ್ಮಿದ ಎಣ್ಣೆಯಲ್ಲಿ ಒಂದಷ್ಟು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಚಿಪ್‌ನಿಂದ ಮಸಿ ಹೆಚ್ಚಿದಂತೆಲ್ಲ ಈ ಸುಡುವಿಕೆ ಮತ್ತೆ ಮತ್ತೆ ಬೇಕಾಗುತ್ತದೆ, ಆಯಿಲು ಮತ್ತಷ್ಟು ತೆಳ್ಳಗಾಗುತ್ತದೆ. ಟರ್ಬೊದ ಬೇರಿಂಗನ್ನು ಕಾಯಬೇಕಾದುದು ಇದೇ ಆಯಿಲು.

ಈ ಕಾಟ ಬೇಡವೆಂದು ಜರಡಿಯನ್ನೇ ಕಿತ್ತೆಸೆದು, ಅದು ಇದೆಯೆಂದು ನಂಬುವಂತೆ ಗಣಕವನ್ನು ತಿದ್ದುವವರೂ ಇದ್ದಾರೆ. ಅಲ್ಲಿಗೆ ವಿಷಯವು ಬಂಡಿಯ ಒಡೆಯನೊಬ್ಬನ ಲಾಭನಷ್ಟವನ್ನು ದಾಟಿ ಊರಿನ ಶ್ವಾಸಕೋಶಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಮಾಡಿದ ಅಂದಾಜಿನಂತೆ, ಆ ಹಿಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಬಂಡಿಗಳ ಹೊಗೆ ನಿಯಂತ್ರಣವನ್ನು ಹೀಗೆ ಕೆಡಿಸಲಾಗಿತ್ತು. ಅವುಗಳಿಂದ ಹೆಚ್ಚುವರಿಯಾಗಿ ಹೊರಬೀಳುವ ಸಾರಜನಕದ ಆಕ್ಸೈಡುಗಳು 5,70,000 ಟನ್ನುಗಳಿಗೂ ಮಿಗಿಲು. ನಮ್ಮಲ್ಲಿ ಹೊಗೆ ತಪಾಸಣೆಯ ಪ್ರಮಾಣಪತ್ರ ಕೊಡುವಾಗ ಡೀಸೆಲ್ ಬಂಡಿಯನ್ನು ನಿಂತಲ್ಲಿಯೇ, ಗೇರು ಹಾಕದೆ, ಒಂದೆರಡು ಸಲ ಗರ್ಜಿಸುವಂತೆ ಮಾಡಿ ಹೊಗೆಯ ಮಬ್ಬನ್ನು ಅಳೆಯುತ್ತಾರೆ. ಭಾರ ಎಳೆಯುತ್ತ ದಿಬ್ಬ ಹತ್ತುವಾಗ ಬರುವ ಮಸಿ ಈ ಪರೀಕ್ಷೆಯಲ್ಲಿ ಪೂರ್ತಿಯಾಗಿ ಸಿಕ್ಕಿಬೀಳುವುದಿಲ್ಲ. ಪ್ರಮಾಣಪತ್ರವಿದೆ ಎಂಬುದು ಚಿಪ್ ನಿರಪಾಯವೆಂಬುದಕ್ಕೆ ಸಾಕ್ಷಿಯಾಗಲಾರದು.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯಲ್ಲಿರುವ ತಯಾರಕನ ವಿವರಗಳಿಗೆ ಭಿನ್ನವಾಗುವಂತೆ ಬಂಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡಕ್ಕಿಂತ ಹೆಚ್ಚಾಗಿ ತಟ್ಟುವುದು ಬೇರೆ. ಚಿಪ್ ಹಾಕಿದ್ದು ತಿಳಿದರೆ ತಯಾರಕನು ಎಂಜಿನ್ನಿನ ಖಾತರಿಯನ್ನು ಒಪ್ಪುವುದಿಲ್ಲ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಟು ಅಪಘಾತದ ನಂತರ ಪರಿಹಾರಕ್ಕೇ ತಕರಾರು ತರಬಹುದು. ಸಾಲದ ಮೇಲೆ ಬಂಡಿ ಕೊಂಡು, ತಿಂಗಳ ಕಂತನ್ನು ಅದೇ ಬಂಡಿಯ ದುಡಿಮೆಯಿಂದ ಕಟ್ಟುವ ಚಾಲಕನಿಗೆ ಎಂಜಿನ್ನು ಹೋಯಿತೆಂದರೆ ದುಡಿಮೆಯೂ ನಿಂತಿತು. ಕಂತು ಮಾತ್ರ ನಿಲ್ಲುವುದಿಲ್ಲ.

ನಮ್ಮ ವಾಚಕರಲ್ಲಿ ಕೆಲವರು ಇನ್ನು ಕೆಲವು ವರ್ಷಗಳಲ್ಲಿ ತಮ್ಮ ಮೊದಲ ಕಾರನ್ನು, ಪ್ರಾಯಶಃ ಬೇರೊಬ್ಬರು ಓಡಿಸಿದ ಕಾರನ್ನು, ಕೊಳ್ಳುವವರಿದ್ದೀರಿ. ಎಂಜಿನ್ನಿನ ಮೇಲಿನ ಉಕ್ಕಿನ ಕೊಳವೆಯ ತುದಿಯಲ್ಲಿರುವ ಒತ್ತಡ ಸಂವೇದಕವನ್ನು ಒಮ್ಮೆ ಹುಡುಕಿ ನೋಡಿ. ಅಲ್ಲಿನ ತಂತಿಯ ಹೊದಿಕೆ ಬಿಚ್ಚಿ ಮತ್ತೆ ಸುತ್ತಿದಂತಿದ್ದರೆ, ಜೋಡಣೆಯ ಕೊಂಡಿ ಪದೇ ಪದೇ ತೆಗೆದು ಸಡಿಲವಾಗಿದ್ದರೆ, ಯಾವುದೋ ಪೆಟ್ಟಿಗೆಯನ್ನು ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಅಲ್ಲಿಯೇ ಜೋತಾಡುತ್ತಿದ್ದರೆ ಸಂಶಯಪಡಬೇಕು. ಮೂರನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ನಿನ ಸುತ್ತು ಏರಿಯೂ ಬಂಡಿ ವೇಗ ಹಿಡಿಯದಿದ್ದರೆ ಕ್ಲಚ್ಚು ಜಾರುತ್ತಿದೆ. ಕೋಷ್ಟಕವನ್ನು ಮರುಬರೆದಿದ್ದರೆ ಕಂಪನಿಯ ಸೇವಾ ಕೇಂದ್ರದವರು ಅನೇಕ ಬಂಡಿಗಳಲ್ಲಿ ಅದನ್ನು ಗಣಕದಿಂದಲೇ ಓದಬಲ್ಲರು. ಪೆಟ್ಟಿಗೆಯಾದರೆ ಗಣಕದಲ್ಲಿ ಗುರುತು ಉಳಿಯುವುದು ಅಪರೂಪ. ಮಾರುವ ಮುನ್ನ ಹತ್ತು ನಿಮಿಷದಲ್ಲಿ ಅದನ್ನು ಬಿಚ್ಚಿಕೊಳ್ಳಬಹುದು. ದಣಿದ ಪಿಸ್ಟನ್ನುಗಳು ಹಳೆಯ ಬಂಡಿಯೊಡನೆ ಕೊಂಡವನ ಮನೆಗೆ ಹೋಗುತ್ತವೆ, ಪೆಟ್ಟಿಗೆ ಮಾರಿದವನ ಹೊಸ ಬಂಡಿಗೆ ಹೋಗುತ್ತದೆ.